ಬರೆಯುವ ಕೈಗೂ ಪರ್ದಾ: ಮುಹಮ್ಮದಿ ಬೇಗಂ ಮತ್ತು ‘ತಹಝೀಬೆ ನಿಸ್ವಾನ್’

‘ಮುಘಲೆ ಆಝಂ’ ಚಲನಚಿತ್ರವನ್ನು ನೋಡದವರೂ ಅದರ ಹೆಸರು ಕೇಳಿರುತ್ತಾರೆ. 1960ರಲ್ಲಿ ತೆರೆಕಂಡ ಆ ಚಿತ್ರದ ಕಥೆಗೆ ಆಧಾರ ‘ಅನಾರ್ಕಲಿ’ ಎಂಬ ಉರ್ದು ನಾಟಕ. 1922ರಲ್ಲಿ ಅದನ್ನು ಬರೆದವರು ಲಾಹೋರಿನ ಇಮ್ತಿಯಾಝ್ ಅಲಿ ತಾಜ್. ಉರ್ದು ನಾಟಕದ ಚರಿತ್ರೆ ಬರೆಯುವವರು ತಾಜ್ ಅವರನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಅವರ ತಂದೆ ಸಯ್ಯಿದ್ ಮುಮ್ತಾಝ್ ಅಲಿ ಅವರನ್ನು ಮುಸ್ಲಿಂ ಸುಧಾರಣಾ ಚಳವಳಿಯ ಚರಿತ್ರೆಕಾರರೂ ಬಿಡುವುದಿಲ್ಲ. ಆದರೆ ಈ ಇಬ್ಬರ ನಡುವೆ ಇದ್ದ ಇನ್ನೊಬ್ಬ ವ್ಯಕ್ತಿ ಬಹುತೇಕ ಕಡೆ ಒಬ್ಬರ ಪತ್ನಿಯಾಗಿ, ಇನ್ನೊಬ್ಬರ ತಾಯಿಯಾಗಿ ಒಂದೆರಡು ಸಾಲುಗಳಲ್ಲಿ ಮುಗಿದುಹೋಗುತ್ತಾರೆ. ಅವರೇ ಮುಹಮ್ಮದಿ ಬೇಗಂ. 1898ರ ಜುಲೈ 1ರಂದು ಲಾಹೋರಿನಲ್ಲಿ ಹೊರಬಂದ ‘ತಹಝೀಬೆ ನಿಸ್ವಾನ್’ ಎಂಬ ಮಹಿಳಾ ವಾರಪತ್ರಿಕೆಯ ಸಂಪಾದಕಿ. ಆಗ ಅವರಿಗೆ ವಯಸ್ಸು ಇಪ್ಪತ್ತರ ಆಸುಪಾಸು. ಹತ್ತು ವರ್ಷಗಳ ಬಳಿಕ, 1908ರ ನವೆಂಬರ್‌ನಲ್ಲಿ ಅವರು ಶಿಮ್ಲಾದಲ್ಲಿ ತೀರಿಕೊಂಡರು.

ಉರ್ದು ಪತ್ರಿಕೆಯೊಂದರ ಸಂಪಾದಕತ್ವ ವಹಿಸಿದ ಮೊದಲ ಮುಸ್ಲಿಂ ಮಹಿಳೆ ಎಂದು ಅವರನ್ನು ಸಾಮಾನ್ಯವಾಗಿ ಗುರುತಿಸಲಾಗುತ್ತದೆ. ಗೌರವದ ಮಾತೇ ಸರಿ. ಆದರೆ ‘ಮೊದಲಿಗರು’ ಎಂಬ ಬಿರುದನ್ನು ಕೊಟ್ಟು ಕೈತೊಳೆದುಕೊಳ್ಳುವುದು ನಮ್ಮಲ್ಲಿ ಹಳೆಯ ರೂಢಿ. ಆ ಬಿರುದು ಸಿಕ್ಕ ಮೇಲೆ ಅವರು ಮಾಡಿದ ಕೆಲಸವೇನು, ಅದರ ಬೆಲೆಯೇನು, ಅದರ ಮಿತಿಯೇನು ಎಂಬ ವಿಚಾರಣೆ ನಿಂತುಹೋಗುತ್ತದೆ. ಆ ವಿಚಾರಣೆಯನ್ನು ಇಲ್ಲಿ ನಾವು ಮಾಡಬಯಸುತ್ತೇವೆ.

ಓದಬಹುದು, ಬರೆಯಬಾರದು

ಹತ್ತೊಂಬತ್ತನೆಯ ಶತಮಾನದ ಉತ್ತರ ಭಾರತದ ‘ಶರೀಫ್’ ಮನೆತನಗಳಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರವೇ ಇರಲಿಲ್ಲ ಎಂದು ಹೇಳುವುದುಂಟು. ಅದು ಪೂರ್ಣ ಸತ್ಯವಲ್ಲ. ಕುರ್‌ಆನ್ ಓದುವುದನ್ನು ಕಲಿಸಲು ಮನೆಗೆ ‘ಉಸ್ತಾನಿ’ಯರು ಬರುತ್ತಿದ್ದರು. ಅರ್ಥ ತಿಳಿಯದಿದ್ದರೂ ಅಕ್ಷರ ಗುರುತಿಸಿ ಪಠಿಸುವಷ್ಟು ಓದನ್ನು ಅನೇಕ ಹುಡುಗಿಯರು ಕಲಿಯುತ್ತಿದ್ದರು. ಕೆಲವು ಮನೆಗಳಲ್ಲಿ ಉರ್ದು ಓದಿಗೂ ಅನುಮತಿಯಿತ್ತು. ನಿಷೇಧವಿದ್ದದ್ದು ಬರವಣಿಗೆಗೆ.

ಕಾರಣ ಸರಳ. ಓದುವವಳು ಮನೆಯೊಳಗೆ ಕುಳಿತು ಕೇಳಿಸಿಕೊಳ್ಳುವವಳು. ಬರೆಯುವವಳ ಮಾತು ಗೋಡೆ ದಾಟಿ ಹೊರಗೆ ಹೋಗಬಲ್ಲದು. ಹುಡುಗಿ ಬರೆಯಲು ಕಲಿತರೆ ಯಾರಿಗೆ ಪತ್ರ ಬರೆದಾಳೋ ಎಂಬ ಭಯ ಹಿರಿಯರಿಗಿತ್ತು. ಹೆಣ್ಣಿನ ಮುಖಕ್ಕೆ, ಧ್ವನಿಗೆ, ಹೆಸರಿಗೆ ಇದ್ದ ಪರ್ದಾ ಅವಳ ಕೈಬರಹಕ್ಕೂ ವಿಸ್ತರಿಸಿತ್ತು. ಪರಪುರುಷನ ಕಣ್ಣಿಗೆ ಅವಳ ಅಕ್ಷರ ಬೀಳುವುದೂ ಮರ್ಯಾದೆಯ ಪ್ರಶ್ನೆಯಾಗಿತ್ತು. ಈ ಭಯಕ್ಕೆ ಧರ್ಮಗ್ರಂಥದ ಆಧಾರ ಹುಡುಕಿದರೆ ಸಿಗಲಾರದು. ಅದು ಒಂದೇ ಸಮುದಾಯದ ಸೊತ್ತೂ ಅಲ್ಲ. ಬಂಗಾಳದ ಹಿಂದೂ ಗೃಹಿಣಿ ರಾಸಸುಂದರಿ ದೇವಿ ತಾವು ಅಡುಗೆಮನೆಯಲ್ಲಿ ಪುಸ್ತಕದ ಹಾಳೆ ಬಚ್ಚಿಟ್ಟು ಓದು ಕಲಿತ ಬಗೆಯನ್ನು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ರುಕಿಯಾ ಸಖಾವತ್ ಹುಸೇನ್ ಅಣ್ಣನ ನೆರವಿನಿಂದ ರಾತ್ರಿ ಹೊತ್ತು ಗುಟ್ಟಾಗಿ ಇಂಗ್ಲಿಷ್ ಕಲಿತವರು.

ಮುಹಮ್ಮದಿ ಬೇಗಂ ಹುಟ್ಟಿದ್ದು ಇಂತಹ ಕಾಲದಲ್ಲಿ, 1878ರ ಸುಮಾರಿಗೆ, ಪಂಜಾಬಿನ ಶಾಹ್‌ಪುರದಲ್ಲಿ. ಅವರ ಮನೆಯಲ್ಲಿ ವಾತಾವರಣ ಅಷ್ಟು ಬಿಗಿಯಾಗಿರಲಿಲ್ಲ. ಅಕ್ಕನಿಗೆ ಮದುವೆಯಾಗಿ ಅವರು ದೂರ ಹೋದಾಗ, ಅವರಿಗೆ ಪತ್ರ ಬರೆಯಬೇಕೆಂಬ ಹಂಬಲದಿಂದ ಪುಟ್ಟ ತಂಗಿ ಬರವಣಿಗೆ ಕಲಿತಳು. ಸಣ್ಣ ಸಂಗತಿಯಂತೆ ಕಾಣುವ ಈ ವಿವರವನ್ನು ನಾವು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಒಬ್ಬ ಹೆಣ್ಣು ಇನ್ನೊಬ್ಬ ಹೆಣ್ಣಿಗೆ ಪತ್ರ ಬರೆಯುವುದು, ಅವರ ಅಕ್ಷರಾಭ್ಯಾಸ ಆರಂಭವಾದದ್ದು ಹೀಗೆ. ಮುಂದೆ ಅವರ ಪತ್ರಿಕೆ ನಿಂತದ್ದೂ ಇದರ ಮೇಲೆಯೇ.

ಪತಿಯ ಪುಸ್ತಕ, ಪತ್ನಿಯ ಪತ್ರಿಕೆ

1897ರಲ್ಲಿ ಅವರ ವಿವಾಹ ಮುಮ್ತಾಝ್ ಅಲಿಯವರೊಂದಿಗೆ ನಡೆಯಿತು. ವರ ವಿಧುರರು, ಇಬ್ಬರು ಮಕ್ಕಳ ತಂದೆ, ವಧುವಿಗಿಂತ ಸುಮಾರು ಹದಿನೆಂಟು ವರ್ಷ ಹಿರಿಯರು. 1860ರಲ್ಲಿ ದೇವಬಂದ್‌ನಲ್ಲಿ ಜನಿಸಿದ ಅವರು ಅಲ್ಲಿಯ ಮದ್ರಸದಲ್ಲೇ ಓದಿದವರು. ಬಳಿಕ ಲಾಹೋರಿಗೆ ಬಂದು ಇಂಗ್ಲಿಷ್ ಕಲಿತು ನ್ಯಾಯಾಲಯದಲ್ಲಿ ಭಾಷಾಂತರಕಾರರಾಗಿದ್ದರು. ಅಲಿಗಢದ ಸರ್ ಸಯ್ಯಿದ್ ಅಹ್ಮದ್ ಖಾನ್ ಅವರ ಅಭಿಮಾನಿಯೂ ಆಗಿದ್ದರು.

ಮುಮ್ತಾಝ್ ಅಲಿ ‘ಹುಕೂಕೆ ನಿಸ್ವಾನ್’, ಅಂದರೆ ‘ಸ್ತ್ರೀಯರ ಹಕ್ಕುಗಳು’ ಎಂಬ ಗ್ರಂಥ ಬರೆದಿದ್ದರು. ಗಂಡು ಹೆಣ್ಣಿಗಿಂತ ಹುಟ್ಟಿನಿಂದಲೇ ಶ್ರೇಷ್ಠ ಎಂಬ ವಾದಕ್ಕೆ ಕೊಡುವ ಕಾರಣಗಳನ್ನು ಒಂದೊಂದಾಗಿ ಎತ್ತಿಕೊಂಡು ಅದು ಖಂಡಿಸುತ್ತದೆ. ದೇಹಬಲವೇ ಶ್ರೇಷ್ಠತೆಯ ಅಳತೆಗೋಲಲ್ಲ ಎನ್ನುತ್ತದೆ. ಸಾಕ್ಷ್ಯದ ವಿಚಾರ, ಬಹುಪತ್ನಿತ್ವದ ವಿಚಾರ ಇವುಗಳಲ್ಲಿ ಕುರ್‌ಆನಿನ ಸೂಕ್ತಗಳನ್ನು ರೂಢಿಯ ಕನ್ನಡಕದಿಂದ ಓದದೆ ಅವುಗಳ ಷರತ್ತುಗಳೊಂದಿಗೆ ಓದಬೇಕು ಎನ್ನುತ್ತದೆ. ಹೆಂಡತಿಯರ ನಡುವೆ ನ್ಯಾಯ ಪಾಲಿಸಬೇಕೆಂಬ ಕಟ್ಟಳೆಯ ಭಾರವನ್ನು ಒತ್ತಿ ಹೇಳುತ್ತದೆ. ಈ ಹಸ್ತಪ್ರತಿಯನ್ನು ಅವರು ಸರ್ ಸಯ್ಯಿದ್ ಅವರಿಗೆ ತೋರಿಸಿದಾಗ ಆ ಹಿರಿಯರು ಓದುತ್ತಾ ಹೋದಂತೆ ಕೆರಳಿ, ಅದನ್ನು ಹರಿದು ಕಸದ ಬುಟ್ಟಿಗೆ ಎಸೆದರೆಂಬ ಪ್ರಸಂಗ ಪ್ರಸಿದ್ಧ. ಅವರು ಎದ್ದು ಹೋದ ಬಳಿಕ ಮುಮ್ತಾಝ್ ಅಲಿ ಅದನ್ನು ಎತ್ತಿಕೊಂಡು ಬಂದರಂತೆ. ಪುಸ್ತಕ ಅಚ್ಚಾದದ್ದು 1898ರಲ್ಲಿ, ಸರ್ ಸಯ್ಯಿದ್ ಅವರ ನಿಧನದ ಬಳಿಕವೇ.

ಸರ್ ಸಯ್ಯಿದ್ ಅವರನ್ನು ಖಳನಾಯಕರನ್ನಾಗಿಸಲು ಈ ಪ್ರಸಂಗ ಹೇಳುತ್ತಿಲ್ಲ. ಗಂಡಸರ ಶಿಕ್ಷಣ ಮೊದಲಾಗಲಿ, ಹೆಂಗಸರದ್ದು ತಾನಾಗಿ ಬರುತ್ತದೆ ಎಂಬುದು ಅವರ ನಂಬಿಕೆ. 1882ರ ಶಿಕ್ಷಣ ಆಯೋಗದ ಮುಂದೆಯೂ ಅವರು ಈ ನಿಲುವನ್ನೇ ಮಂಡಿಸಿದ್ದರು. ಸಮುದಾಯದ ಅತ್ಯಂತ ಮುಂದಾಲೋಚನೆಯ ವ್ಯಕ್ತಿಗೂ ಈ ಒಂದು ವಿಷಯದಲ್ಲಿ ‘ಈಗಲೇ ಬೇಡ’ ಎನಿಸಿತ್ತು ಎಂದ ಮೇಲೆ ಉಳಿದವರ ಪಾಡೇನು? ಮಹಿಳಾ ಪತ್ರಿಕೆಯ ಯೋಚನೆಯನ್ನು ಮುಮ್ತಾಝ್ ಅಲಿ ತಿಳಿಸಿದಾಗಲೂ ಬೇಡವೆಂದೇ ಅವರು ಸಲಹೆಯಿತ್ತಿದ್ದರು. ಮಾಡಿಯೇ ತೀರುವುದಾದರೆ ಇರಲಿ ಎಂದು ‘ತಹಝೀಬೆ ನಿಸ್ವಾನ್’ ಎಂಬ ಹೆಸರನ್ನು ಸೂಚಿಸಿದವರೂ ಅವರೇ. ತಾವು 1870ರಲ್ಲಿ ಆರಂಭಿಸಿದ್ದ ‘ತಹಝೀಬುಲ್ ಅಖ್ಲಾಕ್’ ಪತ್ರಿಕೆಯ ಹೆಸರಿಗೆ ಹೊಂದುವಂತೆ ಅದನ್ನು ಸೂಚಿಸಿದ್ದರು.

ವಿವಾಹದ ಬಳಿಕ ಮುಮ್ತಾಝ್ ಅಲಿ ಪತ್ನಿಗೆ ಅರಬಿ, ಪರ್ಶಿಯನ್ ಕಲಿಸಿದರು. ಇಂಗ್ಲಿಷ್ ಮತ್ತು ಹಿಂದಿ ಕಲಿಕೆಗೂ ಏರ್ಪಾಡಾಯಿತು. ಅಚ್ಚುಕೂಟ ಪತಿಯದ್ದು, ಬಂಡವಾಳ ಪತಿಯದ್ದು, ಯೋಜನೆಯೂ ಪತಿಯದ್ದು. ಹಾಗಾದರೆ ಸಂಪಾದಕಿ ಎಂಬುದು ಬರೀ ಹೆಸರಿಗೆ ಇಟ್ಟ ಅಲಂಕಾರವೇ? ಈ ಸಂಶಯ ಅಂದೂ ಇತ್ತು, ಇಂದೂ ಇದೆ.

ಇದಕ್ಕೆ ಉತ್ತರ ಆ ಕಾಲದ ಪರ್ದಾದಲ್ಲೇ ಇದೆ. ಕೈಬರಹಕ್ಕೂ ಪರ್ದಾ ಇದ್ದ ಸಮಾಜದಲ್ಲಿ ಗಂಡಸು ಸಂಪಾದಕನಾಗಿದ್ದರೆ ಶರೀಫ್ ಮನೆಯ ಹೆಂಗಸು ಅವನಿಗೆ ಪತ್ರ ಬರೆಯುವುದು ಹೇಗೆ? ತನ್ನ ಮನೆಯ ಕಷ್ಟ, ಮಗುವಿನ ಕಾಯಿಲೆ, ಅತ್ತೆಮನೆಯ ಕಿರುಕುಳ ಇವನ್ನು ಅಪರಿಚಿತ ಗಂಡಸಿಗೆ ಹೇಳಿಕೊಳ್ಳುವುದು ಹೇಗೆ? 1880ರ ದಶಕದಲ್ಲಿ ದಿಲ್ಲಿಯ ನಿಘಂಟುಕಾರ ಸಯ್ಯಿದ್ ಅಹ್ಮದ್ ದೆಹ್ಲವಿ ಮಹಿಳೆಯರಿಗಾಗಿ ‘ಅಖ್ಬಾರುನ್ನಿಸಾ’ ಎಂಬ ಪತ್ರಿಕೆ ತಂದಿದ್ದರು. ಅದು ಹೆಚ್ಚು ಕಾಲ ಬಾಳಲಿಲ್ಲ. ‘ತಹಝೀಬೆ ನಿಸ್ವಾನ್’ ಅರ್ಧ ಶತಮಾನ ನಡೆಯಿತು. ಈ ವ್ಯತ್ಯಾಸಕ್ಕೆ ಹಣಕಾಸು ಮೊದಲಾದ ಕಾರಣಗಳೂ ಇದ್ದಿರಬಹುದು. ಆದರೆ ಮುಹಮ್ಮದಿ ಬೇಗಂ ಅವರ ಹೆಸರು ಪತ್ರಿಕೆಯ ಮೇಲಿದ್ದದ್ದರಿಂದಲೇ ಅದರ ವಿಳಾಸಕ್ಕೆ ಬರೆಯುವುದು ಸಾಧ್ಯವಾಯಿತು ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಪತಿಗೆ ಎಷ್ಟೇ ವಿದ್ವತ್ತು, ಎಷ್ಟೇ ಸದಾಶಯ ಇದ್ದರೂ ಈ ಒಂದು ಕೆಲಸವನ್ನು ಅವರಿಂದ ಮಾಡಲಾಗುತ್ತಿರಲಿಲ್ಲ.

ಮರಳಿ ಬಂದ ಲಕೋಟೆಗಳು

ಆರಂಭದ ಸಂಚಿಕೆಗಳನ್ನು ಪ್ರತಿಷ್ಠಿತರ ವಿಳಾಸಗಳಿಗೆ ಉಚಿತವಾಗಿ ಕಳುಹಿಸಲಾಯಿತು. ಅನೇಕ ಪ್ರತಿಗಳು ಹಾಗೆಯೇ ಮರಳಿ ಬಂದವು. ಕೆಲವು ಲಕೋಟೆಗಳ ಮೇಲೆ ಅಸಭ್ಯ ಬೈಗುಳಗಳಿದ್ದವು. ಬೈದವರು ಬೀದಿಯ ಪುಂಡರಲ್ಲ, ಅಕ್ಷರಸ್ಥರು, ಸ್ಥಾನಮಾನವುಳ್ಳವರು. ಆ ಕಟ್ಟುಗಳನ್ನು ತೆರೆಯಬೇಕಾಗಿದ್ದ ಸಂಪಾದಕಿ ಇಪ್ಪತ್ತರ ಆಸುಪಾಸಿನ ಯುವತಿ.

ಮೂರು ತಿಂಗಳ ಬಳಿಕ ಚಂದಾದಾರರ ಸಂಖ್ಯೆ ಸುಮಾರು 60-70. ನಾಲ್ಕು ವರ್ಷ ಕಳೆದರೂ 300-400ರ ಆಸುಪಾಸು. ಈ ಅಂಕಿಗಳನ್ನು ನೋಡಿ ಪತ್ರಿಕೆ ಸೋತಿತೆಂದು ಹೇಳುವವರು ಜನಾನಾದ ಓದಿನ ರೀತಿಯನ್ನು ಮರೆಯುತ್ತಾರೆ. ಅಲ್ಲಿ ಒಂದು ಪ್ರತಿ ಒಬ್ಬರ ಕೈಯಲ್ಲಿ ನಿಲ್ಲುವುದಿಲ್ಲ. ಓದಬಲ್ಲವರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಸುತ್ತ ಕುಳಿತು ಕೇಳುತ್ತಾರೆ. ನೆಂಟರ ಮನೆಗೆ ಹೋಗುವಾಗ ಪ್ರತಿಯೂ ಜೊತೆಗೆ ಹೋಗುತ್ತದೆ.

ಪತ್ರಿಕೆಯಲ್ಲಿ ಏನಿತ್ತು? ಹೆಣ್ಣುಮಕ್ಕಳ ಶಿಕ್ಷಣ, ಮಕ್ಕಳ ಪಾಲನೆ, ಅಡುಗೆ, ಆರೋಗ್ಯ, ಮನೆಯ ಲೆಕ್ಕಪತ್ರ. ಮದುವೆ ಮುಂಜಿಗಳ ಹೆಸರಲ್ಲಿ ನಡೆಯುವ ದುಂದುವೆಚ್ಚದ ಟೀಕೆ. ಶರೀಅತ್ತು ಹೇಳಿದ್ದಕ್ಕಿಂತ ಹೆಚ್ಚಿನ ಪರ್ದಾವನ್ನು ರೂಢಿ ಹೇರಿದೆ ಎಂಬ ವಾದ. ನಿಕಾಹ್‌ಗೆ ಹೆಣ್ಣಿನ ಒಪ್ಪಿಗೆ, ಮಹ್ರ್, ವಾರಸು ಹಕ್ಕುಗಳ ನೆನಪು. ಇವುಗಳ ಜೊತೆಗೆ ಓದುಗರ ಪತ್ರಗಳು ಮತ್ತು ಬರಹಗಳು. ನಮ್ಮ ದೃಷ್ಟಿಯಲ್ಲಿ ಪತ್ರಿಕೆಯ ಜೀವ ಇದ್ದದ್ದು ಈ ಕೊನೆಯ ಭಾಗದಲ್ಲಿ.

ಅದಕ್ಕೆ ಮೊದಲು ಹೆಣ್ಣಿಗಾಗಿ ಬರೆದವರು ಹೆಚ್ಚಾಗಿ ಗಂಡಸರೇ. 1869ರಲ್ಲಿ ಡೆಪ್ಯುಟಿ ನಝೀರ್ ಅಹ್ಮದ್ ‘ಮಿರಾತುಲ್ ಅರೂಸ್’ ಕಾದಂಬರಿ ಬರೆದು ಜಾಣೆ ಅಸ್ಗರಿ, ಒರಟು ಅಕ್ಬರಿ ಎಂಬ ಇಬ್ಬರು ಸೋದರಿಯರನ್ನು ಮನೆಮನೆಗೆ ಪರಿಚಯಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೌಲಾನಾ ಅಶ್ರಫ್ ಅಲಿ ಥಾನವಿ ಅವರ ‘ಬಹಿಷ್ತಿ ಝೇವರ್’ ಬಂದು ಇಂದಿಗೂ ಮುದ್ರಣಗೊಳ್ಳುತ್ತಿದೆ. ಎರಡೂ ಮಹತ್ವದ ಗ್ರಂಥಗಳು. ಆದರೆ ಎರಡರಲ್ಲೂ ಹೆಣ್ಣು ಕೇಳುವವಳು, ಹೇಳುವವರು ಬೇರೆ. ‘ತಹಝೀಬೆ ನಿಸ್ವಾನ್’ನಲ್ಲಿ ಕೇಳುವವಳೇ ಮುಂದಿನ ವಾರ ಹೇಳುವವಳಾಗುತ್ತಾಳೆ. ಒಬ್ಬಾಕೆ ಕೇಳಿದ ಪ್ರಶ್ನೆಗೆ ದೂರದ ಊರಿನ ಇನ್ನೊಬ್ಬಾಕೆ ಉತ್ತರ ಬರೆಯುತ್ತಾಳೆ, ಇಬ್ಬರೂ ಪರಸ್ಪರ ಮುಖ ಕಂಡವರಲ್ಲ. ಈ ಬರಹಗಾರ್ತಿಯರು ‘ತಹಝೀಬಿ ಬೆಹ್‌ನೇಂ’, ಅಂದರೆ ತಹಝೀಬ್ ಸೋದರಿಯರು ಎಂದು ಕರೆಸಿಕೊಂಡರು.

ಇವರಲ್ಲಿ ಅನೇಕರು ಸ್ವಂತ ಹೆಸರು ಹಾಕುತ್ತಿರಲಿಲ್ಲ. ಇಂಥವರ ಮಗಳು, ಇಂಥವರ ಪತ್ನಿ, ಇಂಥವರ ತಾಯಿ ಎಂದೇ ಬರೆಯುತ್ತಿದ್ದರು. ‘ಬಿಂತೆ ನಝ್ರುಲ್ ಬಾಕರ್’ ಅಂದರೆ ನಝ್ರುಲ್ ಬಾಕರ್ ಅವರ ಮಗಳು ಎಂಬ ಹೆಸರಲ್ಲಿ ಬರೆಯುತ್ತಿದ್ದ ಹುಡುಗಿಯೇ ಮುಂದೆ ಕಾದಂಬರಿಕಾರ್ತಿ ನಝರ್ ಸಜ್ಜಾದ್ ಹೈದರ್ ಎಂದು ಖ್ಯಾತರಾದರು. ‘ಆಗ್ ಕಾ ದರಿಯಾ’ ಬರೆದ ಕುರ್ರತುಲ್ಐನ್ ಹೈದರ್ ಅವರ ತಾಯಿ ಇವರೇ. ಉರ್ದುವಿನ ದೊಡ್ಡ ಕಾದಂಬರಿಕಾರ್ತಿಯೊಬ್ಬರ ಹಿಂದೆ ಬರೆಯುವ ತಾಯಿ ಇದ್ದರು, ಆ ತಾಯಿಯ ಹಿಂದೆ ಅವರ ಬರಹವನ್ನು ಅಚ್ಚು ಹಾಕಿದ ಪತ್ರಿಕೆ ಇತ್ತು. ಈ ಪರಂಪರೆಯನ್ನು ಸಾಹಿತ್ಯ ಚರಿತ್ರೆಗಳು ಇನ್ನಷ್ಟು ಸ್ಪಷ್ಟವಾಗಿ ಗುರುತಿಸಬೇಕಾಗಿದೆ.

ತವಾದ ಮಸಿ, ಪೊರಕೆಯ ಕಡ್ಡಿ

ಮುಹಮ್ಮದಿ ಬೇಗಂ ಅವರ ಸಂಪಾದಕತ್ವದ ಬೆಲೆ ತಿಳಿಯಲು ಒಂದೇ ಒಂದು ಬರಹ ಸಾಕು ಎಂದು ನಮಗನಿಸುತ್ತದೆ. 1899ರಲ್ಲಿ ಪತ್ರಿಕೆಯಲ್ಲಿ ಪ್ರಕಟವಾದ ಆ ಬರಹ ಅಶ್ರಫುನ್ನಿಸಾ ಬೇಗಂ ಅವರದ್ದು. ಬೀಬಿ ಅಶ್ರಫ್ ಎಂದೇ ಪರಿಚಿತರಾಗಿದ್ದ ಅವರು 1840ರಲ್ಲಿ ಬಿಜ್ನೋರ್ ಜಿಲ್ಲೆಯ ಗ್ರಾಮವೊಂದರ ಶಿಯಾ ಮನೆತನದಲ್ಲಿ ಜನಿಸಿದವರು. ವಿಧವೆಯಾದ ಬಳಿಕ ಲಾಹೋರಿನ ವಿಕ್ಟೋರಿಯಾ ಬಾಲಿಕಾ ಶಾಲೆಯಲ್ಲಿ ಶಿಕ್ಷಕಿಯಾಗಿದ್ದರು. ತಾವು ಓದು ಬರಹ ಕಲಿತದ್ದು ಹೇಗೆ ಎಂಬುದನ್ನು ಅವರು ಅಲ್ಲಿ ಬರೆದಿದ್ದಾರೆ.

ಮನೆಯ ಹೆಣ್ಣುಮಕ್ಕಳಿಗೆ ಕುರ್‌ಆನ್ ಕಲಿಸುತ್ತಿದ್ದ ಉಸ್ತಾನಿ ಒಬ್ಬ ವಿಧವೆ. ಆಕೆ ಮರುಮದುವೆಯಾದಳು. ಧರ್ಮ ಒಪ್ಪಿದ ಮರುಮದುವೆಯನ್ನು ಮನೆತನದ ಪ್ರತಿಷ್ಠೆ ಒಪ್ಪಲಿಲ್ಲ. ಆಕೆಯ ಬರವು ನಿಂತಿತು, ಬೇರೆ ಉಸ್ತಾನಿಯೂ ಬರಲಿಲ್ಲ. ತಾಯಿಯನ್ನು ಎಳವೆಯಲ್ಲೇ ಕಳೆದುಕೊಂಡ ಅಶ್ರಫ್ ಉಳಿದುದನ್ನು ತಾವೇ ಪುನರಾವರ್ತಿಸಿ ಓದು ಮುಗಿಸಿದರು. ಬರವಣಿಗೆ ಕಲಿಸುವವರಂತೂ ಯಾರೂ ಇಲ್ಲ. ಹಿರಿಯರೆಲ್ಲ ಮಧ್ಯಾಹ್ನ ಮಲಗಿದ ಹೊತ್ತಿನಲ್ಲಿ ಆ ಬಾಲಕಿ ಅಡುಗೆಮನೆಗೆ ಹೋಗಿ ತವಾದ ಮಸಿ ಕೆರೆಯುತ್ತಿದ್ದಳು. ಮಣ್ಣಿನ ಮುಚ್ಚಳವೇ ಶಾಯಿ ದವತಿ. ಪೊರಕೆಯ ಕಡ್ಡಿಯೇ ಲೇಖನಿ. ಮಾಳಿಗೆಗೆ ಹೋಗಿ ಮುಹರ್ರಮ್ ಶೋಕಗೀತೆಗಳ ಹಾಳೆಗಳನ್ನು ಮುಂದಿಟ್ಟುಕೊಂಡು ಅಕ್ಷರಗಳನ್ನು ನೋಡಿ ನೋಡಿ ತಿದ್ದುತ್ತಿದ್ದಳು. ಕೊನೆಗೆ ಆ ಮನೆಯ ಹೆಂಗಸರೆಲ್ಲ ತಮ್ಮ ಪತ್ರಗಳನ್ನು ಅವಳಿಂದಲೇ ಗುಟ್ಟಾಗಿ ಬರೆಸಿಕೊಳ್ಳುವಂತಾಯಿತು. ಅದು ಬಯಲಾದಾಗ ಮನೆಯ ಗಂಡಸರ ಕೋಪವನ್ನೂ ಎದುರಿಸಬೇಕಾಯಿತು.

ಈ ಬರಹ ತಾನಾಗಿ ಅಚ್ಚಿಗೆ ಬಂದುದಲ್ಲ. ಅರುವತ್ತರ ಸಮೀಪದಲ್ಲಿದ್ದ ಶಿಕ್ಷಕಿಯೊಬ್ಬರು ಅಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದ ಕಥೆಯನ್ನು ಹೇಳಲು ಒಂದು ಜಾಗ ಬೇಕಿತ್ತು. ಅದನ್ನು ಅಡುಗೆಮನೆಯ ಹರಟೆ ಎಂದು ತಳ್ಳಿಹಾಕದೆ, ಅಚ್ಚಿಗೆ ಯೋಗ್ಯ ಎಂದು ಗುರುತಿಸುವ ಕಣ್ಣು ಬೇಕಿತ್ತು. ಇಪ್ಪತ್ತೊಂದರ ಆಸುಪಾಸಿನ ಸಂಪಾದಕಿಗೆ ಆ ಕಣ್ಣಿತ್ತು. ಬೀಬಿ ಅಶ್ರಫ್ 1903ರಲ್ಲಿ ನಿಧನರಾದ ಬಳಿಕ ಮುಹಮ್ಮದಿ ಬೇಗಂ ‘ಹಯಾತೆ ಅಶ್ರಫ್’ ಎಂಬ ಜೀವನಚರಿತ್ರೆ ಬರೆದರು. ರಾಜವಂಶದ ಬೇಗಂಗಳ, ಸಂತ ಸ್ತ್ರೀಯರ ಚರಿತ್ರೆಗಳನ್ನು ಬರೆಯುತ್ತಿದ್ದ ಕಾಲದಲ್ಲಿ ಅವರು ಆರಿಸಿಕೊಂಡದ್ದು ಸಂಬಳಕ್ಕೆ ದುಡಿದು ಬದುಕಿದ ಒಬ್ಬ ವಿಧವೆ ಶಿಕ್ಷಕಿಯನ್ನು. ಬರೆದವರು ಸುನ್ನಿ, ಬರೆಸಿಕೊಂಡವರು ಶಿಯಾ. ಅವರಿಬ್ಬರ ಸ್ನೇಹಕ್ಕೆ ಪಂಗಡ ಅಡ್ಡಿಯಾಗಲಿಲ್ಲ. ವಿದ್ವಾಂಸ ಸಿ.ಎಂ. ನಈಮ್ ಅವರು ಈ ಕೃತಿಯನ್ನು ಇಂಗ್ಲಿಷಿಗೆ ತಂದು 2022ರಲ್ಲಿ ಪ್ರಕಟಿಸಿದ ಬಳಿಕ ಅದು ಹೊಸ ಓದುಗರನ್ನು ಪಡೆದಿದೆ. ಮುಹಮ್ಮದಿ ಬೇಗಂ ಅವರ ಕೃತಿಗಳಲ್ಲಿ ಅತ್ಯುತ್ತಮವಾದುದು ಇದೇ ಎಂಬುದು ನಮ್ಮ ಅಭಿಪ್ರಾಯ.

ಕಾದಂಬರಿಗಳೂ ಮನೆವಾರ್ತೆಯೂ

ಉಳಿದ ಕೃತಿಗಳಿಗೆ ಅದೇ ಮೆಚ್ಚುಗೆಯನ್ನು ಕೊಡಲಾಗದು. ‘ಸಫಿಯಾ ಬೇಗಂ’ ಕಾದಂಬರಿಯಲ್ಲಿ ಎಳವೆಯಲ್ಲೇ ಹಿರಿಯರು ನಿಶ್ಚಯಿಸಿದ ಸಂಬಂಧ ಓದಿದ ಹುಡುಗಿಯೊಬ್ಬಳ ಬಾಳನ್ನು ನುಂಗುತ್ತದೆ. ‘ಶರೀಫ್ ಬೇಟಿ’ಯಲ್ಲಿ ಬಡತನಕ್ಕೆ ಬಿದ್ದ ಮನೆಯ ಮಗಳು ಸ್ವಂತ ದುಡಿಮೆಯಿಂದ ಮನೆ ನಡೆಸುತ್ತಾಳೆ. ‘ಆಜ್ ಕಲ್’ನಲ್ಲಿ ಎಲ್ಲವನ್ನೂ ನಾಳೆಗೆ ಮುಂದೂಡುವ ಗೃಹಿಣಿ ಅದರ ಫಲ ಉಣ್ಣುತ್ತಾಳೆ. ಕಥೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಓದುಗರಿಗೆ ಮೊದಲೇ ಗೊತ್ತಾಗುತ್ತದೆ. ಪಾತ್ರಗಳು ಒಳ್ಳೆಯವರು, ಕೆಟ್ಟವರು ಎಂದು ಎರಡು ಸಾಲಾಗಿ ನಿಲ್ಲುತ್ತವೆ. ಉಪದೇಶದ ಭಾರ ಕಥೆಯ ಬೆನ್ನು ಬಗ್ಗಿಸುತ್ತದೆ.

ಆದರೂ ಎರಡು ಗುಣಗಳನ್ನು ಗುರುತಿಸಬೇಕು. ಒಂದು, ಭಾಷೆ. ವಿದ್ವಾಂಸರ ಪರ್ಶಿಯನ್ ಭಾರದ ಉರ್ದುವಲ್ಲ, ಮನೆಯೊಳಗೆ ಹೆಂಗಸರು ಆಡುವ ಉರ್ದು. ಎರಡು, ನಿಲುವು. ‘ಸಫಿಯಾ ಬೇಗಂ’ನ ದುರಂತಕ್ಕೆ ಲೇಖಕಿ ಹೊಣೆ ಹೊರಿಸುವುದು ಹುಡುಗಿಯ ಓದನ್ನಲ್ಲ, ಅವಳ ಒಪ್ಪಿಗೆಯನ್ನು ಕೇಳದ ಹಿರಿಯರನ್ನು. ‘ಶರೀಫ್ ಬೇಟಿ’ಯಲ್ಲಿ ಹೆಣ್ಣಿನ ದುಡಿಮೆ ಅವಮಾನವಲ್ಲ, ಮಾನ. ಅಂದು ಇವೆರಡೂ ಸಲೀಸಾಗಿ ಹೇಳಬಹುದಾದ ಮಾತುಗಳಾಗಿರಲಿಲ್ಲ.

ಮನೆವಾರ್ತೆಯ ಕುರಿತಾದ ‘ಖಾನಾದಾರಿ’, ವಧುವಿಗಾಗಿ ಬರೆದ ‘ರಫೀಕೆ ಅರೂಸ್’, ಭೇಟಿಯ ಶಿಷ್ಟಾಚಾರದ ‘ಆದಾಬೆ ಮುಲಾಕಾತ್’ ಮೊದಲಾದ ಕೈಪಿಡಿಗಳನ್ನೂ ಅವರು ಬರೆದರು. ತಾಯಂದಿರಿಗಾಗಿ ‘ಮುಷೀರೆ ಮಾದರ್’ ಎಂಬ ಇನ್ನೊಂದು ಪತ್ರಿಕೆಯನ್ನೂ ಸ್ವಲ್ಪ ಕಾಲ ನಡೆಸಿದರು. ಇವನ್ನು ಮುಂದಿಟ್ಟುಕೊಂಡು ಕೆಲವರು ಅವರನ್ನು ‘ಅಡುಗೆಮನೆಯ ಸುಧಾರಕಿ’ ಎಂದು ಬದಿಗೆ ಸರಿಸುತ್ತಾರೆ. ಹೆಣ್ಣನ್ನು ಹೆಚ್ಚು ದಕ್ಷ ಗೃಹಿಣಿಯಾಗಿಸುವುದೇ ಅವರ ಗುರಿಯಾಗಿತ್ತಲ್ಲವೇ ಎಂಬುದು ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ. ಆದರೆ ಮನೆಯ ಲೆಕ್ಕ ಬರೆಯಲು ಅಂಕಿ ಕಲಿಯಬೇಕು, ಔಷಧದ ವಿವರ ತಿಳಿಯಲು ಓದಬೇಕು, ಸಂದೇಹ ಕೇಳಲು ಪತ್ರ ಬರೆಯಬೇಕು. ಉಪ್ಪಿನಕಾಯಿಯ ಪುಟಕ್ಕಾಗಿ ಪತ್ರಿಕೆಯನ್ನು ಒಳಗೆ ಬಿಟ್ಟುಕೊಂಡ ಮನೆಗೆ ಮಹ್ರ್, ವಾರಸು ಹಕ್ಕಿನ ಪುಟವೂ ಜೊತೆಯಲ್ಲೇ ಬಂತು. ಮನೆವಾರ್ತೆ ಅವರಿಗೆ ಬಾಗಿಲಾಗಿತ್ತು. ಆ ಬಾಗಿಲಿಲ್ಲದೆ ಒಳಗೆ ಹೋಗುವ ಬೇರೆ ದಾರಿ ಆ ಕಾಲದಲ್ಲಿ ಇರಲಿಲ್ಲ.

ಸೋದರಿಯರ ವಲಯದ ಹೊರಗೆ

ನಮ್ಮ ನಿಜವಾದ ಆಕ್ಷೇಪ ಬೇರೊಂದಿದೆ. ‘ತಹಝೀಬಿ ಸೋದರಿ’ಯರ ವಲಯ ಎಷ್ಟು ವಿಶಾಲವಾಗಿತ್ತು? ಪತ್ರಿಕೆ ಮಾತಾಡಿದ್ದು ಶರೀಫ್ ಮನೆಗಳ ಹೆಂಗಸರೊಂದಿಗೆ. ಆ ಮನೆಗಳಲ್ಲಿ ಪಾತ್ರೆ ತೊಳೆಯುವವಳು, ಮಗುವನ್ನು ಎತ್ತಿ ಆಡಿಸುವವಳು, ನೀರು ತುಂಬುವವಳು ಕೂಡ ಹೆಂಗಸೇ. ಅವಳಲ್ಲಿ ಪರ್ದಾಕ್ಕೆ ಬೇಕಾದ ಅನುಕೂಲವಿರಲಿಲ್ಲ, ದುಡಿಯಲು ಅವಳು ಹೊರಗೆ ಬರಲೇಬೇಕಿತ್ತು. ಗೃಹಕೃತ್ಯದ ಕೈಪಿಡಿಗಳಲ್ಲಿ ಅವಳು ಕಾಣಿಸುವುದು ಹೆಚ್ಚಾಗಿ ನಿಗಾ ಇಡಬೇಕಾದ ಆಳಾಗಿ. ಅವಳಿಗೂ ಅಕ್ಷರ ಬೇಕು ಎಂಬ ಮಾತು ಸುಧಾರಣೆಯ ಕೇಂದ್ರಕ್ಕೆ ಬರಲಿಲ್ಲ. ಒರಟು ಮಾತು, ಮೂಢ ಆಚರಣೆ, ದುಂದುಗಾರಿಕೆ ಇವನ್ನೆಲ್ಲ ‘ಕೆಳಗಿನವರ’ ಸಹವಾಸದ ಫಲವೆಂದು ನೋಡುವ ಪ್ರವೃತ್ತಿಯೂ ಆ ಕಾಲದ ಸುಧಾರಣಾ ಸಾಹಿತ್ಯದಲ್ಲಿ ಇತ್ತು. ‘ತಹಝೀಬ್’ ಎಂಬ ಪದವೇ ಅರ್ಧ ಕಥೆ ಹೇಳುತ್ತದೆ. ಸಭ್ಯರಾಗಿಸುವುದು ಎಂದಾಗ ಯಾರೋ ಅಸಭ್ಯರೆಂಬ ತೀರ್ಮಾನ ಮೊದಲೇ ಆಗಿರುತ್ತದೆ.

ಈ ಮಿತಿ ಅವರೊಬ್ಬರದ್ದಲ್ಲ, ಅಂದಿನ ಎಲ್ಲ ಸಮುದಾಯಗಳ ಮೇಲ್ವರ್ಗದ ಸುಧಾರಕರದ್ದು. ಹಾಗೆಂದು ಹೇಳದೆ ಬಿಡುವುದೂ ಸರಿಯಲ್ಲ. ಅಕ್ಷರದ ಮೇಲಿನ ಪರ್ದಾ ಸರಿಸಿದವರು ವರ್ಗದ ಪರದೆಯನ್ನು ಹಾಗೆಯೇ ಬಿಟ್ಟರು. ಅದನ್ನು ಸರಿಸುವ ಕೆಲಸ ಆಗಲೂ ಬಾಕಿಯಾಯಿತು, ಈಗಲೂ ಪೂರ್ತಿಯಾಗಿಲ್ಲ.

ಇನ್ನೊಂದು ಮಿತಿಯೂ ಇದೆ. ಅವರು ಪ್ರತಿ ಹೆಜ್ಜೆಗೂ ಅನುಮತಿ ಕೇಳುತ್ತಾರೆ. ಓದಿದ ಹೆಣ್ಣು ಕೆಡುವುದಿಲ್ಲ, ಗಂಡನಿಗೆ ಎದುರಾಡುವುದಿಲ್ಲ, ಮನೆ ಇನ್ನೂ ಚೆನ್ನಾಗಿ ನಡೆಯುತ್ತದೆ ಎಂದು ಗಂಡಸು ಓದುಗರಿಗೆ ಭರವಸೆ ಕೊಡುತ್ತಲೇ ಇರುತ್ತಾರೆ. ಇಂದಿನ ಓದುಗರಿಗೆ ಇದು ಕಿರಿಕಿರಿ ಎನಿಸಬಹುದು. ಆದರೆ ಚಂದಾ ಹಣ ಬರುತ್ತಿದ್ದದ್ದು ಗಂಡಸಿನ ಕಿಸೆಯಿಂದ ಎಂಬುದನ್ನೂ ನೆನಪಿಡಬೇಕು. ಅವನು ಬೇಡವೆಂದರೆ ಅಂಚೆ ಬಾಗಿಲಲ್ಲೇ ನಿಲ್ಲುತ್ತಿತ್ತು.

ಮೂವತ್ತರಲ್ಲಿ ಮುಗಿದ ಬದುಕು

ವಿವಾಹದ ಬಳಿಕ ಅವರಿಗೆ ಸಿಕ್ಕಿದ್ದು ಹನ್ನೊಂದು ವರ್ಷ. ಅದರಲ್ಲಿ ಇಬ್ಬರು ಮಲಮಕ್ಕಳ ಪಾಲನೆ, 1900ರಲ್ಲಿ ಹುಟ್ಟಿದ ಮಗ ಇಮ್ತಿಯಾಝ್, ನಾಲ್ಕು ಭಾಷೆಗಳ ಕಲಿಕೆ, ಬಿಡುವಿಲ್ಲದ ವಾರಪತ್ರಿಕೆ, ಹಲವು ಪುಸ್ತಕಗಳು. ಮೂವತ್ತರ ಆಸುಪಾಸಿನಲ್ಲಿ ಅವರು ಹೊರಟುಹೋದರು. ಅವರ ನಿಧನದೊಂದಿಗೆ ಪತ್ರಿಕೆ ನಿಲ್ಲಲಿಲ್ಲ. ಮುಂದೆ ಸಂಪಾದಕತ್ವ ವಹಿಸಿದವರಲ್ಲಿ ಅವರು ಬೆಳೆಸಿದ ಮಲಮಗಳು ವಹೀದಾ ಬೇಗಂ ಕೂಡ ಇದ್ದರು. ಮಕ್ಕಳಿಗೊಂದು ಪತ್ರಿಕೆ ಬೇಕೆಂಬ ಅವರ ಆಸೆಯನ್ನು ಮುಮ್ತಾಝ್ ಅಲಿ 1909ರಲ್ಲಿ ‘ಫೂಲ್’ ಆರಂಭಿಸಿ ನೆರವೇರಿಸಿದರು. ಕುರ್ರತುಲ್ಐನ್ ಹೈದರ್ ಬಾಲ್ಯದಲ್ಲಿ ಬರೆದದ್ದು ಈ ‘ಫೂಲ್’ಗೆ. 1904ರಲ್ಲಿ ಅಲಿಗಢದಿಂದ ‘ಖಾತೂನ್’, 1908ರಲ್ಲಿ ದಿಲ್ಲಿಯಿಂದ ‘ಇಸ್ಮತ್’ ಬಂದವು. ‘ತಹಝೀಬ್’ ತುಳಿದ ದಾರಿ ಆಗಲೇ ಹೆದ್ದಾರಿಯಾಗತೊಡಗಿತ್ತು.

ಕನ್ನಡದಲ್ಲಿ ಇದೇ ಬಗೆಯ ಕೆಲಸ ಮಾಡಿದ ನಂಜನಗೂಡು ತಿರುಮಲಾಂಬ ಅವರೂ ಅದೇ ಪೀಳಿಗೆಯವರು. 1887ರಲ್ಲಿ ಹುಟ್ಟಿ, ಬಾಲ್ಯದಲ್ಲೇ ವಿಧವೆಯಾಗಿ, ಮನೆಯಲ್ಲೇ ಓದಿ, ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದ ಅವರು 1982ರವರೆಗೆ ಬದುಕಿದ್ದರು. ಆ ದೀರ್ಘ ಬದುಕಿನ ಬಹುಭಾಗ ಸಾಹಿತ್ಯ ಲೋಕ ಅವರನ್ನು ಮರೆತಿತ್ತು. ಧರ್ಮ ಬೇರೆ, ಭಾಷೆ ಬೇರೆ, ಮರೆವು ಮಾತ್ರ ಒಂದೇ.

ಮುಸ್ಲಿಂ ಮಹಿಳೆಯ ಕುರಿತು ಮಾತಾಡುವಾಗ ನಮ್ಮಲ್ಲಿ ಎರಡು ಗುಂಪುಗಳು ಎದುರುಬದುರಾಗುತ್ತವೆ. ಒಂದು ಗುಂಪು, ಅವಳಿಗೆ ದನಿಯೇ ಇರಲಿಲ್ಲ, ಯಾರೋ ಬಂದು ಬಿಡುಗಡೆ ಮಾಡಬೇಕು ಎನ್ನುತ್ತದೆ. ಇನ್ನೊಂದು ಗುಂಪು, ಎಲ್ಲ ಹಕ್ಕುಗಳೂ ಎಂದೋ ಸಿಕ್ಕಿವೆ, ಪ್ರಶ್ನೆಯೇ ಇಲ್ಲ ಎನ್ನುತ್ತದೆ. 1898ರ ಲಾಹೋರಿನ ಈ ಪತ್ರಿಕೆ ಎರಡೂ ಗುಂಪುಗಳಿಗೆ ಇಕ್ಕಟ್ಟು ತರುತ್ತದೆ. ದನಿ ಇತ್ತು, ಪರ್ದಾದೊಳಗಿಂದಲೇ ಅದು ಪ್ರತಿವಾರ ಅಚ್ಚಾಗುತ್ತಿತ್ತು. ಹಕ್ಕು ಗ್ರಂಥದಲ್ಲಿತ್ತು, ಆದರೆ ಅದನ್ನು ಮನೆಯೊಳಗೆ ತರಲು ಬೈಗುಳದ ಲಕೋಟೆಗಳನ್ನು ತೆರೆಯಬೇಕಾಗಿತ್ತು. ಲಕೋಟೆಯ ಮೇಲೆ ಬೈಗುಳ ಬರೆದವರೂ, ಉಸ್ತಾನಿಯ ಮರುಮದುವೆಗೆ ಮುನಿದವರೂ ಹೊರಗಿನವರಾಗಿರಲಿಲ್ಲ. ಅವರು ತಮ್ಮ ಮರ್ಯಾದೆಯನ್ನು ಧರ್ಮವೆಂದು ತಿಳಿದಿದ್ದರು. ಈ ಎರಡನ್ನು ಬೇರ್ಪಡಿಸಿ ನೋಡುವ ಕೆಲಸವನ್ನು ಮುಹಮ್ಮದಿ ಬೇಗಂ ತಮ್ಮ ಓದುಗರಿಗೆ ಹತ್ತು ವರ್ಷಗಳ ಕಾಲ, ವಾರ ವಾರವೂ ಕಲಿಸಿದರು.